ರಚ್ಚೆ ಹಿಡಿದ ಕೂಸು, ಮನೆಮದ್ದಿನ ಬಟ್ಟಲು: ಗೋವಾದ ಕನ್ನಡ ಮನೆಗಳ ಆರೈಕೆಯ ವಿಮರ್ಶೆ

ಹುಟ್ಟಿದ ಎರಡು ಮೂರು ವಾರಕ್ಕೆ ಶುರುವಾಗಿ, ಮುಸ್ಸಂಜೆಗೆ ಏರಿ, ರಾತ್ರಿ ಬಹಳ ಹೊತ್ತಾದರೂ ಇಳಿಯದ ಅಳುವನ್ನು ವೈದ್ಯರು ಕಾಲಿಕ್ ಎನ್ನುತ್ತಾರೆ. ಮನೆಯವರ ಬಾಯಲ್ಲಿ ಅದು ರಚ್ಚೆ, ವಾಯು, ಹೊಟ್ಟೆ ಉಬ್ಬರ. ಕೂಸು ಮುಷ್ಟಿ ಬಿಗಿದು, ಕಾಲನ್ನು ಹೊಟ್ಟೆಗೆ ಮಡಚಿ, ಮುಖ ಕೆಂಪಗೆ ಮಾಡಿಕೊಂಡು ಅಳುತ್ತದೆ. ಹಾಲು ಕೊಟ್ಟರೂ ಎತ್ತಿಕೊಂಡರೂ ಸುಮ್ಮನಾಗದು. 1954ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಮಾರಿಸ್ ವೆಸೆಲ್ ಮತ್ತು ಸಂಗಡಿಗರು ಇದಕ್ಕೆ ಮೂರರ ಲೆಕ್ಕ ಕೊಟ್ಟರು: ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು, ವಾರದಲ್ಲಿ ಮೂರು ದಿನಕ್ಕಿಂತ ಹೆಚ್ಚು, ಮೂರು ವಾರಕ್ಕಿಂತ ಹೆಚ್ಚು. 2016ರ ರೋಮ್-4 ಮಾನದಂಡ ಗಂಟೆಗಳ ಎಣಿಕೆಗೆ ಅಷ್ಟು ತೂಕ ಕೊಡುವುದಿಲ್ಲ. ಐದು ತಿಂಗಳೊಳಗಿನ, ಜ್ವರವಿಲ್ಲದ, ತೂಕ ಸರಿಯಾಗಿ ಏರುತ್ತಿರುವ ಕೂಸು ಕಾರಣ ಕಾಣದೆ ಮತ್ತೆ ಮತ್ತೆ ದೀರ್ಘವಾಗಿ ಅತ್ತರೆ ಅದೇ ಕಾಲಿಕ್. ಅಳುವಾಗ ಗಾಳಿ ನುಂಗಿ ಹೊಟ್ಟೆ ಉಬ್ಬುವುದುಂಟು. ಆದ್ದರಿಂದ ಗ್ಯಾಸು ಅನೇಕ ಸಲ ಅಳುವಿನ ಫಲ, ಕಾರಣವಲ್ಲ. ನಿಜವಾದ ಕಾರಣ ಇದುವರೆಗೂ ಖಚಿತವಾಗಿಲ್ಲ.

ಗೋವಾದಲ್ಲಿ ಈ ಅಳು ಕೇಳಿಸುವ ಮನೆಗಳಲ್ಲಿ ಕನ್ನಡದವೂ ಬಹಳ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ದುಡಿಯಲು ಬಂದವರು ವಾಸ್ಕೋದ ಬೈನಾ, ಜುವಾರಿನಗರ, ಮಡಗಾಂವ್, ಮಾಪ್ಸಾಗಳಲ್ಲಿ ನೆಲೆಸಿದ್ದಾರೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿ, ಮೂರನೆಯ ಅಥವಾ ಐದನೆಯ ತಿಂಗಳಿಗೆ ಕೂಸಿನೊಂದಿಗೆ ಮರಳುವುದು ರೂಢಿ. ಹಾಗೆ ಹೋದವರ ಪಾಲಿಗೆ ರಚ್ಚೆಯ ವಾರಗಳು ಅವ್ವ, ಅಜ್ಜಿಯರ ಕೈಯಲ್ಲೇ ಕಳೆಯುತ್ತವೆ. ಹೋಗಲಾಗದವರಿಗೆ ಒಂದೇ ಕೋಣೆ, ಬೆಳಿಗ್ಗೆ ಕೆಲಸಕ್ಕೆ ಹೊರಡಬೇಕಾದ ಗಂಡ, ತೆಳು ಗೋಡೆಯಾಚೆ ನೆರೆಯವರು. ಊರಿನ ಮದ್ದಿನ ಗಂಟು ಮಾತ್ರ ಇಬ್ಬರಿಗೂ ಒಂದೇ: ಬಜೆ, ಅಜವಾನ, ಇಂಗು, ಲೋಬಾನ, ಸೀರೆಯ ಜೋಲಿ. ಕೊಂಕಣಿ ನೆರೆಮನೆಯಲ್ಲೂ ವೇಖಂಡದ ಹೆಸರಿನಲ್ಲಿ ಅದೇ ಬಜೆ ಇದೆ, ಉಪ್ಪು ಮೆಣಸಿನಕಾಯಿಯಿಂದ ದೃಷ್ಟಿ ತೆಗೆಯುವುದೂ ಇದೆ.

ಈ ಮದ್ದುಗಳ ಬೆಲೆ ಕಟ್ಟುವಾಗ ಮೊದಲ ತೊಡಕು ಅಳುವಿನ ಸ್ವಭಾವದಲ್ಲೇ ಇದೆ. ಕೂಸಿನ ಅಳು ಆರನೆಯ ವಾರದ ಸುಮಾರಿಗೆ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಟಿ. ಬೆರಿ ಬ್ರೇಜಲ್ಟನ್ 1962ರಲ್ಲೇ ಈ ಏರಿಳಿತವನ್ನು ದಾಖಲಿಸಿದ್ದರು. ಅಳು ತುದಿಯಲ್ಲಿರುವಾಗಲೇ ಮನೆಯವರು ಕಂಗೆಟ್ಟು ಹೊಸ ಮದ್ದು ಹುಡುಕುತ್ತಾರೆ. ಆಮೇಲೆ ಅದು ಇಳಿಯಲೇಬೇಕು, ಇಳಿಯುತ್ತದೆ. ಕೊನೆಯಲ್ಲಿ ಕೊಟ್ಟ ಮದ್ದಿಗೆ ಹೆಸರು ಬರುತ್ತದೆ. ಆದ್ದರಿಂದ ‘ನಮ್ಮ ಮಕ್ಕಳಿಗೆಲ್ಲ ಇದನ್ನೇ ಕೊಟ್ಟೆವು, ವಾಸಿಯಾಯಿತು’ ಎಂಬ ಅನುಭವದ ಮಾತು ಪ್ರಾಮಾಣಿಕವಾಗಿದ್ದರೂ ಪುರಾವೆಯಾಗುವುದಿಲ್ಲ. ತಾನಾಗಿ ಹೋಗುವ ತೊಂದರೆಗೆ ಕೊಡುವ ಮದ್ದನ್ನು ಮೊದಲು ಅಳೆಯಬೇಕಾದದ್ದು ಹಾನಿಯಿಂದ; ಗುಣದ ಪ್ರಶ್ನೆ ಆಮೇಲಿನದು.

ಈ ಅಳತೆಯಲ್ಲಿ ಬಾಯಿಗೆ ಹಾಕುವ ಮದ್ದುಗಳೇ ಹೆಚ್ಚು ಸೋಲುತ್ತವೆ. ಬಜೆಯ ಬೇರನ್ನು ಸುಟ್ಟು, ಸಾಣೆಕಲ್ಲಿನ ಮೇಲೆ ಎದೆಹಾಲಿನಲ್ಲೋ ಜೇನಿನಲ್ಲೋ ತೇಯ್ದು ನೆಕ್ಕಿಸುವುದು ಹಳೆಯ ಕ್ರಮ. ಬಜೆಯಲ್ಲಿರುವ ಬೀಟಾ-ಅಸರೋನ್ ಪ್ರಾಣಿಗಳಲ್ಲಿ ಕ್ಯಾನ್ಸರ್ ತರುತ್ತದೆಂದು ಕಂಡುಬಂದಿದ್ದರಿಂದ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ತೇಯ್ದಾಗ ಎಷ್ಟು ಇಳಿಯಿತೆಂಬ ಲೆಕ್ಕ ಯಾರಿಗೂ ಸಿಗದು. ಜೇನಿನ ಅಪಾಯ ಇನ್ನೂ ಸ್ಪಷ್ಟ: ಅದರಲ್ಲಿರಬಹುದಾದ ಬಾಟುಲಿಸಂ ಬೀಜಾಣುಗಳು ಒಂದು ವರ್ಷದೊಳಗಿನ ಮಕ್ಕಳ ಕರುಳಿನಲ್ಲಿ ಬೆಳೆದು, ಸ್ನಾಯುಗಳ ಬಲ ಕುಂದಿಸುವ ವಿಷ ಬಿಡುತ್ತವೆ. ಅಜವಾನದ ನೀರಿಗೆ ಇಂಥ ಕೆಟ್ಟ ಹೆಸರಿಲ್ಲ. ಎಳೆಗೂಸಿಗೆ ಹಿತವೆಂಬ ಗಟ್ಟಿ ಪುರಾವೆಯೂ ಇಲ್ಲ. ಕುಡಿಸಿದಷ್ಟು ನೀರಿಗೆ ಎದೆಹಾಲು ಕಡಿಮೆಯಾಗುತ್ತದೆ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ, ನೀರು ಕೂಡ, ಬೇಡವೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತಿಗೆ ಇದೂ ಒಂದು ಆಧಾರ.

ಅಂಗಡಿಯ ಬಾಟಲಿಯೂ ಇದಕ್ಕಿಂತ ಬಹಳ ಮೇಲೇನಲ್ಲ. ಗ್ರೈಪ್ ವಾಟರ್ ಅನ್ನು 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ತಯಾರಿಸಿದ. ಸಬ್ಬಸಿಗೆ ಎಣ್ಣೆ, ಅಡುಗೆ ಸೋಡಾ, ಸಕ್ಕರೆಗಳ ಜೊತೆ ಆಲ್ಕೋಹಾಲೂ ಇದ್ದ ಪಾನೀಯ ಅದು. ಮಕ್ಕಳು ಸುಮ್ಮನಾಗುತ್ತಿದ್ದುದಕ್ಕೆ ಆ ಆಲ್ಕೋಹಾಲಿನ ಮತ್ತು, ಸಕ್ಕರೆಯ ಸಿಹಿ ಎರಡೂ ಕಾರಣವಾಗಿರಬಹುದು. ಆಲ್ಕೋಹಾಲು ಈಗ ಹೋಗಿದೆ, ನಂಬಿಕೆ ಉಳಿದಿದೆ. ಗುಳ್ಳೆ ಒಡೆಯುತ್ತದೆಂದು ಕೊಡುವ ಸಿಮೆಥಿಕೋನ್ ಹನಿ 1994ರ ಪರೀಕ್ಷೆಯಲ್ಲಿ ಔಷಧವಿಲ್ಲದ ಹನಿಗಿಂತ ಮೇಲೆಂದು ಕಾಣಲಿಲ್ಲ. ಡೈಸೈಕ್ಲೋಮಿನ್ ಇರುವ ಹನಿ ಆರು ತಿಂಗಳೊಳಗಿನ ಕೂಸಿಗೆ ಕೂಡದು, ಉಸಿರಾಟಕ್ಕೇ ತೊಂದರೆಯಾಗಬಹುದು. ಲ್ಯಾಕ್ಟೋಬ್ಯಾಸಿಲಸ್ ರ‍್ಯೂಟೆರಿ ಎಂಬ ಸೂಕ್ಷ್ಮಾಣುವಿನ ಒಂದು ತಳಿಯ ಹನಿಗೆ ಮಾತ್ರ ತಕ್ಕಮಟ್ಟಿನ ಪುರಾವೆಯಿದೆ: 2018ರಲ್ಲಿ ನಾಲ್ಕು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಎದೆಹಾಲು ಕುಡಿಯುವ ಮಕ್ಕಳ ಅಳು ಕಡಿಮೆಯಾಗಿತ್ತು. ಬಾಟಲಿ ಹಾಲಿನ ಮಕ್ಕಳ ವಿಷಯದಲ್ಲಿ ಹಾಗೆ ಹೇಳಲು ಬರಲಿಲ್ಲ.

ಬಾಣಂತಿಯ ಪಥ್ಯಕ್ಕೂ ಇದೇ ಅಳತೆ ಸಲ್ಲುತ್ತದೆ. ಕಡಲೆ, ಆಲೂಗಡ್ಡೆ, ಎಲೆಕೋಸು ತಿಂದರೆ ಕೂಸಿಗೆ ವಾಯುವಾಗುತ್ತದೆಂದು ಅವನ್ನೆಲ್ಲ ಬಿಡಿಸುತ್ತಾರೆ. ತಾಯಿಯ ಕರುಳಿನ ಗ್ಯಾಸು ಹಾಲಿಗೆ ಇಳಿಯುವುದಿಲ್ಲ. ಕೆಲವೇ ಮಕ್ಕಳಿಗೆ ತಾಯಿ ಕುಡಿದ ಹಸುವಿನ ಹಾಲಿನ ಪ್ರೋಟೀನು ಒಗ್ಗದಿರಬಹುದು. ಅದನ್ನು ವೈದ್ಯರ ಸಲಹೆಯಂತೆ ಪರೀಕ್ಷಿಸಬೇಕು. ಉಳಿದಂತೆ ಪಥ್ಯದಿಂದ ಸೊರಗುವವಳು ಬಾಣಂತಿಯೇ.

ಮೈಗೆ ಮಾಡುವ ಆರೈಕೆಯಲ್ಲಿ ಒಳ್ಳೆಯದೂ ಕೆಟ್ಟದ್ದೂ ಬೆರೆತಿವೆ. ಕೊಬ್ಬರಿ ಎಣ್ಣೆ ಹಚ್ಚಿ ಹೊಟ್ಟೆಯನ್ನು ಹಗುರವಾಗಿ ಸುತ್ತಲೂ ನೀವುವುದು, ಕಾಲುಗಳನ್ನು ಸೈಕಲ್ ತುಳಿದಂತೆ ಆಡಿಸುವುದು, ಬೆಚ್ಚಗಿನ ನೀರಿನ ಸ್ನಾನ, ಇವುಗಳಿಂದ ನಷ್ಟವಿಲ್ಲ. ಹಾಲು ಕುಡಿಸಿದ ತಕ್ಷಣ ಮಾಡಬಾರದಷ್ಟೆ. ಅದೇ ಎಣ್ಣೆಯನ್ನು ಮೂಗಿಗೆ ಬಿಟ್ಟರೆ ಶ್ವಾಸಕೋಶ ಸೇರಿ ನ್ಯುಮೋನಿಯಾ ಆಗಬಹುದು. ಗಾಳಿಯಾಡದ ಕೋಣೆಯಲ್ಲಿ ಹಾಕುವ ಲೋಬಾನದ ಹೊಗೆ ಎಳೆಯ ಶ್ವಾಸಕ್ಕೆ ಕೇಡು. ಹೊಟ್ಟೆಯ ಮೇಲೆ ಬರೆ ಹಾಕುವ ಕ್ರಮ ಉತ್ತರ ಕರ್ನಾಟಕದ ಕೆಲವು ಕಡೆ ಇನ್ನೂ ಪೂರ್ತಿ ಅಳಿದಿಲ್ಲ. ಅದು ಆರೈಕೆಯಲ್ಲ, ಗಾಯ; ಅದನ್ನು ಸಮರ್ಥಿಸುವ ಯಾವ ವಾದವೂ ಇಲ್ಲ. ದೃಷ್ಟಿ ತೆಗೆಯುವುದಕ್ಕೆ ಔಷಧಗುಣವಿಲ್ಲ. ಮೆಣಸಿನಕಾಯಿಯ ಘಾಟು ಕೂಸಿಗೆ ತಾಗದಂತೆ ಮಾಡಿದರೆ ಅದರಿಂದ ಹಾನಿಯೂ ಇಲ್ಲ. ಕಂಗೆಟ್ಟ ತಾಯಿಯ ಪಕ್ಕ ಆ ಹೊತ್ತಿಗೆ ಇನ್ನೊಬ್ಬರು ನಿಂತಂತಾಗುತ್ತದೆ.

ಹಳೆಯ ರೂಢಿಯ ನಿಜವಾದ ಶಕ್ತಿ ಎತ್ತಿಕೊಳ್ಳುವುದರಲ್ಲಿದೆ. ಅಜ್ಜಿಯರು ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿ ತೇಗಿಸುತ್ತಾರೆ, ಅಂಗಳದಲ್ಲಿ ಅಡ್ಡಾಡುತ್ತಾರೆ. ಕೆನಡಾದಲ್ಲಿ ಹುಂಝಿಕರ್ ಮತ್ತು ಬಾರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಹೊತ್ತು ಎತ್ತಿಕೊಂಡ ಮಕ್ಕಳು ಆರನೆಯ ವಾರದಲ್ಲಿ ಶೇ. 43ರಷ್ಟು ಕಡಿಮೆ ಅತ್ತವು. ರಚ್ಚೆ ಆಗಲೇ ಹಿಡಿದಿದ್ದ ಮಕ್ಕಳಲ್ಲಿ 1991ರ ಪ್ರಯೋಗ ಅಂಥ ಲಾಭ ತೋರಲಿಲ್ಲ. ಅಂದರೆ ಎತ್ತಿಕೊಳ್ಳುವುದು ಅಳು ಬಂದ ಮೇಲಿನ ಮದ್ದಿಗಿಂತ ದಿನವಿಡೀ ನಡೆಯಬೇಕಾದ ಅಭ್ಯಾಸ. ಜಪಾನಿನ ರಿಕೆನ್ ಸಂಸ್ಥೆಯ ಸಂಶೋಧಕರು 2022ರಲ್ಲಿ ಚಿಕ್ಕ ಅಧ್ಯಯನವೊಂದರಿಂದ ಒಂದು ಕ್ರಮ ಸೂಚಿಸಿದರು: ಅಳುವ ಕೂಸನ್ನು ಎತ್ತಿಕೊಂಡು ಐದು ನಿಮಿಷ ನಡೆದು, ನಿದ್ದೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಕೂತು, ಆಮೇಲೆ ಮಲಗಿಸುವುದು.

ಜೋಲಿಯನ್ನು ಕಣ್ಣೆದುರಿಗೆ ತೂಗುವುದು ಬೇರೆ, ರಾತ್ರಿಯಿಡೀ ಅದರಲ್ಲೇ ಮಲಗಿಸುವುದು ಬೇರೆ. ಸೀರೆ ಮಡಚಿಕೊಂಡರೆ ಕೂಸಿನ ಗದ್ದ ಎದೆಗೆ ಒತ್ತಿ ಉಸಿರು ಕಟ್ಟಬಹುದು, ಗಂಟು ಸಡಿಲಿ ಬೀಳಬಹುದು. ನಿದ್ದೆ ಹತ್ತಿದ ಕೂಸನ್ನು ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ, ದಿಂಬು ದುಪ್ಪಟಿಯಿಲ್ಲದೆ, ಅಂಗಾತ ಮಲಗಿಸಬೇಕು. ಗೋವಾದ ಸೆಕೆಯಲ್ಲಿ ಕುಲಾವಿ, ಉಣ್ಣೆಬಟ್ಟೆ ಬೇಡ. ತೆಳು ಹತ್ತಿಬಟ್ಟೆ ಸಾಕು. ಸೊಳ್ಳೆಗೆ ಕಾಯಿಲ್ ಹೊಗೆಗಿಂತ ಪರದೆ ಮೇಲು.

ಇರುಳಿನ ನಿದ್ದೆಯ ವಿಷಯದಲ್ಲಿ ನಿರೀಕ್ಷೆಯನ್ನೇ ತಿದ್ದಿಕೊಳ್ಳಬೇಕು. ಹಗಲು ರಾತ್ರಿಯ ಭೇದ ಕೂಸಿನ ಮೈಗೆ ಹತ್ತಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಹಾಲಿಗಾಗಿ ಏಳುವುದು ರೋಗವಲ್ಲ. ಹಗಲಿನಲ್ಲಿ ಬೆಳಕು, ಮಾತು. ಇರುಳಿನಲ್ಲಿ ಮಂದ ದೀಪ, ಮೆಲುದನಿ, ಬೇಗ ಹಾಲು, ಬೇಗ ಹಾಸಿಗೆ, ಇಷ್ಟೇ ಸಾಧನ. ಒಂದೇ ಕೋಣೆಯ ಮನೆಯಲ್ಲಿ ಟಿವಿ, ಮೊಬೈಲುಗಳನ್ನು ಬೇಗ ಆರಿಸುವುದೂ ಇದರೊಳಗೇ ಬರುತ್ತದೆ.

ಎಲ್ಲ ಅಳುವೂ ರಚ್ಚೆಯಲ್ಲ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರ, ಹಸಿರು ವಾಂತಿ, ಮಲದಲ್ಲಿ ರಕ್ತ, ಗಟ್ಟಿಯಾಗಿ ಉಬ್ಬಿದ ಹೊಟ್ಟೆ, ತೊಡೆಸಂದಿನ ಊತ, ಹಾಲು ಬಿಡುವುದು, ಜೋಂಪು ನಿದ್ದೆ ಕಂಡರೆ ಮನೆಮದ್ದಿಗೆ ಜಾಗವಿಲ್ಲ. ವಾಸ್ಕೋ ಸುತ್ತಿನವರಿಗೆ ಚಿಖಲಿಯ ಸರ್ಕಾರಿ ಆಸ್ಪತ್ರೆ ಹತ್ತಿರ, ದೊಡ್ಡ ಚಿಕಿತ್ಸೆಗೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು ಇದೆ, ತುರ್ತಿಗೆ 108. ಸಿಟ್ಟು ತಡೆಯಲಾಗದಷ್ಟು ದಣಿದವರು ಕೂಸನ್ನು ಸುರಕ್ಷಿತವಾಗಿ ಮಲಗಿಸಿ ಹತ್ತು ನಿಮಿಷ ಹೊರಗೆ ಬರಬೇಕು. ಕುಲುಕಿದರೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಪ್ರಾಣಕ್ಕೇ ಕುತ್ತು ಬರಬಹುದು.

ಒಟ್ಟಾರೆ, ಊರಿನಿಂದ ಬಂದ ಆರೈಕೆಯಲ್ಲಿ ಬಟ್ಟಲಿನ ಪಾಲು ಬಿಡತಕ್ಕದ್ದು, ಹೆಗಲಿನ ಪಾಲು ಉಳಿಸತಕ್ಕದ್ದು. ಆದರೆ ವಲಸೆಯಲ್ಲಿ ನಡೆಯುವುದು ತಿರುವುಮುರುವು: ಬಜೆ, ಅಜವಾನ ಬಸ್ಸಿನಲ್ಲಿ ಸುಲಭವಾಗಿ ಬರುತ್ತವೆ, ಸರದಿಯ ಮೇಲೆ ಕೂಸನ್ನು ಎತ್ತಿಕೊಳ್ಳುತ್ತಿದ್ದ ಅವ್ವ, ಅತ್ತಿಗೆ, ಅಜ್ಜಿಯರು ಊರಲ್ಲೇ ಉಳಿಯುತ್ತಾರೆ. ಗೋವಾದ ಮನೆಯಲ್ಲಿ ಆ ಸರದಿ ಗಂಡನದು, ನೆರೆಯವರದು. ರಚ್ಚೆಯ ಮೂರು ತಿಂಗಳು ದಾಟಿಸುವ ಉಪಾಯಗಳಲ್ಲಿ ಅದರಷ್ಟು ನಿರಪಾಯದ್ದು ಬೇರೊಂದಿಲ್ಲ.