'ಶಿವಾನುಭವ' ಪತ್ರಿಕೆ ಮತ್ತು ಅದರ ಸಂಪಾದಕ ವರ್ಗ: ಒಂದು ವಿಮರ್ಶೆ

ಕನ್ನಡದ ಧಾರ್ಮಿಕ ನಿಯತಕಾಲಿಕಗಳ ಚರಿತ್ರೆಯನ್ನು ಬರೆಯುವವರಲ್ಲಿ ಎರಡು ಪದ್ಧತಿಗಳು ಕಂಡುಬರುತ್ತವೆ. ಪತ್ರಿಕೆ ಹುಟ್ಟಿದ ವರ್ಷ, ನಿಂತ ವರ್ಷ, ಸಂಪಾದಕರ ಹೆಸರು ಇಷ್ಟನ್ನು ಹೇಳಿ ಮುಗಿಸುವುದು ಒಂದು. ಸಂಪಾದಕರ ತ್ಯಾಗವನ್ನು ಕೊಂಡಾಡಿ ಕೈಮುಗಿಯುವುದು ಇನ್ನೊಂದು. ವಿಜಾಪುರದಿಂದ (ಇಂದಿನ ವಿಜಯಪುರ) 1926ರಲ್ಲಿ ಹೊರಟ 'ಶಿವಾನುಭವ'ದ ವಿಷಯದಲ್ಲಿ ಎರಡನೆಯದೇ ಪ್ರಬಲವಾಗಿದೆ. ಕೈಮುಗಿಯುವುದಕ್ಕೆ ಕಾರಣವಿಲ್ಲವೆಂದಲ್ಲ. ಆದರೆ ಆ ಪತ್ರಿಕೆಯನ್ನು ಪತ್ರಿಕೆಯೆಂದೇ ಓದಿ ತೂಗುವ ಕೆಲಸ ಸಾಕಷ್ಟು ನಡೆದಿಲ್ಲವೆಂಬುದು ಪ್ರಕೃತ ಲೇಖನದ ವಾದ.

ಸಂಪಾದಕರಾದ ಫ. ಗು. ಹಳಕಟ್ಟಿಯವರು 1880ರಲ್ಲಿ ಧಾರವಾಡದಲ್ಲಿ ಜನಿಸಿ, ಮುಂಬಯಿಯಲ್ಲಿ ವ್ಯಾಸಂಗ ಮಾಡಿ, ವಿಜಾಪುರದಲ್ಲಿ ವಕೀಲರಾಗಿ ನೆಲೆಸಿದವರು. ಅಲ್ಲಿಯ ವಿದ್ಯಾಸಂಸ್ಥೆ, ಸಹಕಾರಿ ಬ್ಯಾಂಕು ಮುಂತಾದುವುಗಳ ಸ್ಥಾಪನೆಯಲ್ಲಿ ಅವರ ಪಾತ್ರ ಪ್ರಸಿದ್ಧವಾದುದು, ಇಲ್ಲಿ ವಿಸ್ತರಿಸಬೇಕಾಗಿಲ್ಲ. ಮಠಗಳಲ್ಲಿಯೂ ಮನೆಗಳಲ್ಲಿಯೂ ಪೂಜೆಯ ವಸ್ತುವಾಗಿ ಉಳಿದಿದ್ದ ತಾಳೆಗರಿಯ ವಚನಗ್ರಂಥಗಳನ್ನು ಅವರು ಊರೂರು ಅಲೆದು ಸಂಗ್ರಹಿಸಿದರು. ಕೆಲವು ವಚನಗಳ ಇಂಗ್ಲಿಷ್ ಅನುವಾದವನ್ನು 1922ರಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದರು. ಎಂದರೆ ಆ ಕಾಲದ ವಿದ್ವತ್ಪತ್ರಿಕೆಗಳ ರೀತಿನೀತಿಗಳು ಅವರಿಗೆ ತಿಳಿದಿದ್ದವು. ಅಲ್ಲಿ ಅವರಿಗೆ ಸ್ಥಾನವೂ ಇತ್ತು. ಆದರೂ ಅವರು ಸ್ವಂತದ್ದೊಂದು ಕನ್ನಡ ಪತ್ರಿಕೆಯನ್ನು ಹೂಡಿದರು. ಏಕೆ ಎಂಬ ಪ್ರಶ್ನೆಯನ್ನು ಅವರ ಅಭಿಮಾನಿಗಳು ಕೇಳುವುದು ಅಪರೂಪ.

ಉತ್ತರದ ಒಂದು ಭಾಗ ಮುದ್ರಣದ ಕಷ್ಟದಲ್ಲಿದೆ. 'ವಚನಶಾಸ್ತ್ರಸಾರ'ದ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯವು ಅಚ್ಚುಮಾಡದೆ ಹಿಂದಿರುಗಿಸಿತೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ಮೊದಲಿಟ್ಟವರು ಇದೇ ಮಿಶನ್ನಿನವರೆಂಬುದನ್ನು ಇಲ್ಲಿ ನೆನೆಯಬಹುದು. ಗ್ರಂಥವು ಕೊನೆಗೆ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಪರರ ಅಚ್ಚಿನ ಮನೆಯನ್ನು ನಂಬಿ ಈ ಕಾರ್ಯ ಸಾಗದೆಂದು ಕಂಡ ಹಳಕಟ್ಟಿಯವರು ಇದ್ದ ಮನೆಯನ್ನೇ ಮಾರಿ 'ಹಿತಚಿಂತಕ' ಮುದ್ರಣಾಲಯವನ್ನು ಸ್ಥಾಪಿಸಿದರು. 'ಶಿವಾನುಭವ' ಮೊದಲು ತ್ರೈಮಾಸಿಕವಾಗಿ, ಮುಂದೆ ಮಾಸಿಕವಾಗಿ, ಸುಮಾರು 35 ವರ್ಷ ನಡೆಯಿತು. 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆಯೂ ಜೊತೆಗೂಡಿತು.

ಇನ್ನು ಸಂಪಾದಕ ವರ್ಗದ ಮಾತು. ವರ್ಗವೆಂಬ ಶಬ್ದವೇ ಇಲ್ಲಿ ಉಪಚಾರದ್ದು. ಓಲೆ ತರುವುದು, ಓದುವುದು, ಕಾಗದಕ್ಕೆ ಇಳಿಸುವುದು, ಕರಡು ತಿದ್ದುವುದು, ಪೀಠಿಕೆ ಬರೆಯುವುದು, ಚಂದಾ ಹಣ ಎತ್ತುವುದು, ಇವೆಲ್ಲವುಗಳ ಭಾರ ಬಹುಮಟ್ಟಿಗೆ ಒಬ್ಬರ ಮೇಲೆಯೇ ಬಿದ್ದಿತ್ತು. ತಾಳೆಗರಿಯನ್ನು ಓದಿದವರಿಗೆ ಈ ಶ್ರಮದ ಅರ್ಥವಾದೀತು: ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲ, ಒಂದು ವಚನ ಎಲ್ಲಿ ಮುಗಿಯಿತೆಂಬುದನ್ನು ಅನೇಕ ವೇಳೆ ಅಂಕಿತವನ್ನು ಕಂಡೇ ನಿಶ್ಚಯಿಸಬೇಕು, ಹುಳು ತಿಂದ ಅಕ್ಷರವನ್ನು ಊಹಿಸಬೇಕು. ಇಂಥ ಪಾಠವನ್ನು ನಿಗದಿಯಾದ ದಿನಕ್ಕೆ ಸಂಚಿಕೆಗೆ ಸಿದ್ಧಗೊಳಿಸುವುದೆಂದರೆ, ಪಂಡಿತನಿಗೆ ಬೇಕಾದ ಬಿಡುವನ್ನು ಮುದ್ರಕನ ಅವಸರಕ್ಕೆ ಒಪ್ಪಿಸಿದಂತೆ. ಆದರೆ ಅಚ್ಚಿನ ಮನೆ ಒಬ್ಬನಿಂದ ನಡೆಯುವಂಥದಲ್ಲ. ಹಿಂದೆಂದೂ ಕಾಣದ ಪದಗಳಿಗೆ ಮೊಳೆ ಜೋಡಿಸಿದವರು ಈ ಚರಿತ್ರೆಯಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಒಬ್ಬ ಮಹನೀಯರ ಕಥೆಯಾಗಿ ಹೇಳಿದುದರ ದೋಷವಿದು.

ವಿದ್ವಾಂಸರ ಆಕ್ಷೇಪ ಬೇರೆಯದು. ಹಳಕಟ್ಟಿಯವರ ಪ್ರಕಟಣೆಗಳಲ್ಲಿ ಪಾಠಾಂತರಗಳ ನಮೂದು ಸಾಲದು. ಮತಬೋಧೆಯೂ ಸಂಶೋಧನೆಯೂ ಬೆರೆತುಹೋಗಿವೆ. ವಚನಗಳನ್ನು ಭಕ್ತ, ಮಾಹೇಶ್ವರ ಮೊದಲಾದ ಸ್ಥಲಗಳ ಚೌಕಟ್ಟಿಗೆ ಅಳವಡಿಸಲಾಗಿದೆ. ಮೊದಲನೆಯ ಆಕ್ಷೇಪವನ್ನು ಒಪ್ಪಲೇಬೇಕು. ಶಿ. ಶಿ. ಬಸವನಾಳ, ಆರ್. ಸಿ. ಹಿರೇಮಠ, ಎಲ್. ಬಸವರಾಜು ಮುಂತಾದವರ ಪರಿಷ್ಕರಣಗಳು ಬಂದಮೇಲೆ ಆ ಕೊರತೆ ಎದ್ದು ಕಾಣುತ್ತದೆ. ಮೂರನೆಯದು ಅಷ್ಟು ನ್ಯಾಯವಾದುದಲ್ಲ. ಸ್ಥಲಕಟ್ಟಿನ ಕ್ರಮ ಹಳಕಟ್ಟಿಯವರ ಕಲ್ಪನೆಯಲ್ಲ. ವಿಜಯನಗರದ ಕಾಲದ ಸಂಕಲನಕಾರರಿಂದ ಬಂದುದು. ಎರಡನೆಯದಂತೂ ಪತ್ರಿಕೆಯ ಸ್ವರೂಪವನ್ನೇ ಅರಿಯದ ಮಾತು. 'ಶಿವಾನುಭವ'ವನ್ನು ಕೊಂಡವರಲ್ಲಿ ಬಹುಮಂದಿ ಭಕ್ತರೇ ಆಗಿದ್ದಿರಬೇಕು. ಅವರ ಶ್ರದ್ಧೆಯಿಲ್ಲದೆ ಚಂದಾ ಇಲ್ಲ. ಚಂದಾ ಇಲ್ಲದೆ ಹರಿಹರನ ರಗಳೆಗಳೂ ಇಲ್ಲ, ಇನ್ನೂರೈವತ್ತಕ್ಕೂ ಮಿಕ್ಕ ವಚನಕಾರರ ಹೆಸರುಗಳೂ ಇಲ್ಲ. ಮತಪತ್ರಿಕೆಯಾದುದರಿಂದಲೇ ಅದು ಸಂಶೋಧನ ಪತ್ರಿಕೆಯಾಗಿ ಬದುಕಿತೆಂದು ನನ್ನ ಅಭಿಪ್ರಾಯ.

ಭೂಗೋಳವನ್ನೂ ಗಮನಿಸಬೇಕು. ಹಳಕಟ್ಟಿಯವರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದುದು ಪತ್ರಿಕೆ ಹುಟ್ಟಿದ 1926ರಲ್ಲಿಯೇ, ಬಳ್ಳಾರಿಯಲ್ಲಿ. ಆಗ ವಿಜಾಪುರ ಮುಂಬಯಿ ಪ್ರಾಂತಕ್ಕೂ ಬಳ್ಳಾರಿ ಮದರಾಸು ಪ್ರಾಂತಕ್ಕೂ ಸೇರಿದ್ದವು. ಬಳ್ಳಾರಿಯ ದಾರಿಯಲ್ಲಿರುವ ನಮ್ಮ ಬಿ.ಜಿ. ಕೆರೆ, ಮೊಳಕಾಲ್ಮೂರು, ಚಳ್ಳಕೆರೆಗಳು ಮೈಸೂರು ಸಂಸ್ಥಾನದವು. ಮೂರು ಆಡಳಿತಗಳಲ್ಲಿ ಹಂಚಿಹೋದ ಓದುಗರಿಗೆ ಒಂದೇ ವಚನಪಾಠವನ್ನು ಅಂಚೆಯ ಮೂಲಕ ಮುಟ್ಟಿಸಬಲ್ಲ ಸಾಧನ, 1956ರ ಏಕೀಕರಣಕ್ಕೆ ಮೂವತ್ತು ವರ್ಷ ಮೊದಲೇ ಇತ್ತು. ಏಕೀಕರಣದ ಚರಿತ್ರೆಕಾರರು ರಾಜಕೀಯ ಪತ್ರಿಕೆಗಳಿಗೆ ಕೊಟ್ಟ ಗಮನವನ್ನು ಇಂಥವುಗಳಿಗೆ ಕೊಟ್ಟಿಲ್ಲ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಅಶೋಕ ಶಾಸನಗಳನ್ನು ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಎರಡು ಸಾವಿರ ವರ್ಷಗಳ ಮೇಲಣ ಬಂಡೆಯ ಬರಹ ಇಂದಿಗೂ ಸ್ವಸ್ಥಾನದಲ್ಲಿ ಓದಲು ದೊರೆಯುತ್ತದೆ. ನೂರು ವರ್ಷದ ಕಾಗದಕ್ಕೆ ಆ ಆಯುಸ್ಸಿಲ್ಲ. ಹಳಕಟ್ಟಿಯವರ ಸಮಗ್ರ ಸಾಹಿತ್ಯ ಸಂಪುಟಗಳೂ ಸರ್ಕಾರದ 15 ವಚನ ಸಂಪುಟಗಳೂ ಬಂದಿರುವುದು ಸಂತೋಷದ ಸಂಗತಿಯೇ. ಆದರೆ ಸಂಪುಟ ಸಂಚಿಕೆಗೆ ಬದಲಿಯಾಗಲಾರದು. ಒಂದು ವಚನ ಮೊದಲು ಯಾವ ತಿಂಗಳು ಅಚ್ಚಾಯಿತು, ಪಕ್ಕದಲ್ಲಿ ಏನಿತ್ತು, ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬಂದಿತೆ, ಯಾವ ಊರಿನವರು ಓಲೆ ಕಳಿಸಿದರು, ಇವನ್ನು ಬಿಡಿ ಸಂಚಿಕೆಗಳೇ ಹೇಳಬೇಕು. ಮಠಗಳ ಮತ್ತು ಹಳೆಯ ಮನೆಗಳ ಅಟ್ಟದ ಮೇಲಿರುವ ಸಂಚಿಕೆಗಳನ್ನು ಊರುವಾರು ಪಟ್ಟಿಮಾಡಿ, ಸಂಚಿಕೆವಾರು ವಿಷಯಸೂಚಿಯನ್ನು ಸಿದ್ಧಪಡಿಸುವ ಕೆಲಸವನ್ನು ಈ ಎರಡು ತಾಲ್ಲೂಕುಗಳಿಂದಲೇ ಆರಂಭಿಸಬಹುದು. ಮುಖಪುಟದ ಒಳಬದಿಯನ್ನೂ ರಕ್ಷಾಪತ್ರವನ್ನೂ ಬಿಡದೆ ನಕಲು ಮಾಡಿಕೊಳ್ಳಬೇಕು. ಬೈಂಡು ಹಾಕುವವರು ಮೊದಲು ಹರಿದು ಎಸೆಯುವುದು ಅವನ್ನೇ.