ಗ್ರೀಕ್ ದೇವತೆಗಳು ಕನ್ನಡಕ್ಕೆ ಬಂದಾಗ

ಬಿ.ಎಂ. ಶ್ರೀಕಂಠಯ್ಯನವರ 'ಅಶ್ವತ್ಥಾಮನ್' (1929) ನಾಟಕದ ಮೇಲೆ ಬಂದ ಆಕ್ಷೇಪಗಳಲ್ಲಿ ಒಂದು ಬಹಳ ಪ್ರಸಿದ್ಧ. ಅಶ್ವತ್ಥಾಮ ಏಳು ಜನ ಚಿರಂಜೀವಿಗಳಲ್ಲಿ ಒಬ್ಬ. ಅವನನ್ನು ರಂಗದ ಮೇಲೆ ಸಾಯಿಸಿದ್ದು ಸರಿಯೇ? ನಾಟಕಕಾರರ ಪರವಾಗಿ ಹೇಳಬಹುದಾದ ಉತ್ತರ ಸರಳವಾದದ್ದು. ಸೊಫೋಕ್ಲೀಸನ ಅಜಾಕ್ಸ್ ಸಾಯುತ್ತಾನೆ, ಆದ್ದರಿಂದ ಅಶ್ವತ್ಥಾಮನೂ ಸಾಯಬೇಕು. ಈ ಉತ್ತರದಿಂದ ಜಗಳ ಮುಗಿಯುತ್ತದೆ, ಪ್ರಶ್ನೆ ಮುಗಿಯುವುದಿಲ್ಲ. ಒಂದು ನಾಡಿನ ದೇವತೆಗಳು ನಡೆಸುವ ಕಥೆಯನ್ನು ಇನ್ನೊಂದು ನಾಡಿನ ದೇವತೆಗಳ ಕೈಗೆ ಕೊಟ್ಟರೆ ಕಥೆ ಮೊದಲಿನಂತೆಯೇ ನಡೆದೀತೆ?

ಮೂಲ ನಾಟಕವನ್ನು ಒಮ್ಮೆ ನೆನಪು ಮಾಡಿಕೊಳ್ಳೋಣ. ಸತ್ತ ಅಕಿಲೀಸನ ಆಯುಧಗಳು ತನಗೆ ಸಿಗದೆ ಒಡಿಸಿಯಸ್‌ಗೆ ಹೋದವೆಂದು ಅಜಾಕ್ಸ್ ಕೆರಳುತ್ತಾನೆ. ಸೇನಾನಾಯಕರನ್ನೆಲ್ಲ ಕೊಲ್ಲಲು ರಾತ್ರಿಯಲ್ಲಿ ಹೊರಡುತ್ತಾನೆ. ಅಥೀನೆ ಎಂಬ ದೇವತೆ ಅವನ ಬುದ್ಧಿಗೆ ಮಂಕು ಕವಿಸುತ್ತಾಳೆ. ಅವನು ಶತ್ರುಗಳೆಂದು ಭ್ರಮಿಸಿ ದನಕುರಿಗಳನ್ನು ಕಡಿದು ಹಾಕುತ್ತಾನೆ. ಬೆಳಗಾಗಿ ಮಂಕು ಹರಿದಾಗ ನಾಚಿಕೆ ತಡೆಯಲಾರದೆ, ಶತ್ರು ಹೆಕ್ಟರ್ ಕೊಟ್ಟಿದ್ದ ಕತ್ತಿಯ ಮೇಲೆ ಬಿದ್ದು ಪ್ರಾಣ ಬಿಡುತ್ತಾನೆ. ನಾಟಕದ ಮೊದಲ ದೃಶ್ಯದಲ್ಲಿಯೇ ಅಥೀನೆ ಒಡಿಸಿಯಸ್‌ನನ್ನು ಕರೆದು ಆ ಹುಚ್ಚನನ್ನು ತೋರಿಸುತ್ತಾಳೆ. ಶತ್ರುವನ್ನು ನೋಡಿ ನಗುವುದಕ್ಕಿಂತ ಸವಿಯಾದದ್ದು ಇನ್ನೇನಿದೆ ಎಂದು ಕೇಳುತ್ತಾಳೆ. ಒಡಿಸಿಯಸ್ ನಗುವುದಿಲ್ಲ. ಅವನಿಗೆ ಕನಿಕರವಾಗುತ್ತದೆ, ಇವನ ಗತಿ ನಾಳೆ ನನಗೂ ಬರಬಹುದು ಎಂದುಕೊಳ್ಳುತ್ತಾನೆ.

ದೇವತೆ ನಗು ಅನ್ನುತ್ತಾಳೆ, ಮನುಷ್ಯ ಮರುಗುತ್ತಾನೆ. ನಮ್ಮ ಮಟ್ಟಿಗೆ ಇಡೀ ನಾಟಕದ ಜೀವ ಇರುವುದು ಈ ಎರಡು ನಿಮಿಷಗಳಲ್ಲಿ. ಗ್ರೀಕರ ದೇವತೆಗಳು ಬಲಶಾಲಿಗಳು, ಸುಂದರರು, ಸಾವಿಲ್ಲದವರು. ಆದರೆ ಮನುಷ್ಯರಿಗಿಂತ ಒಳ್ಳೆಯವರೇ ಆಗಿರಬೇಕೆಂಬ ಕಟ್ಟಳೆ ಅವರಿಗಿಲ್ಲ. ಅವರನ್ನು ಪೂಜಿಸುತ್ತಿದ್ದ ಊರಿನವರೇ ಕೂತು ಈ ನಾಟಕ ನೋಡಿದರು. ನಾವು ಕೈಮುಗಿಯುವ ಯಾವ ದೇವರನ್ನಾದರೂ ಆ ಜಾಗದಲ್ಲಿ ತಂದು ನಿಲ್ಲಿಸಿ ನೋಡಿ. ಪ್ರೇಕ್ಷಕ ಅದನ್ನು ಲೀಲೆ ಎನ್ನುತ್ತಾನೆ, ದುಷ್ಟನಿಗೆ ತಕ್ಕ ಶಿಕ್ಷೆ ಎನ್ನುತ್ತಾನೆ. ಮನುಷ್ಯನ ಮುಂದೆ ದೇವರು ಸಣ್ಣದಾಗಿ ಕಂಡಿತು ಎಂದು ಮಾತ್ರ ಅವನು ಹೇಳಲಾರ.

ಇದು ಶ್ರೀಯವರ ಪ್ರತಿಭೆಯ ಮೇಲಿನ ದೂರಲ್ಲ. ಮನುಷ್ಯರ ಅದಲುಬದಲಿನಲ್ಲಿ ಅವರ ಕಣ್ಣು ಎಷ್ಟು ಸೂಕ್ಷ್ಮ ಎಂಬುದಕ್ಕೆ ಏಕಲವ್ಯನೊಬ್ಬ ಸಾಕು. ಮೂಲದಲ್ಲಿ ಅಜಾಕ್ಸನ ಮಲತಮ್ಮ ಟ್ಯೂಸರ್ ಬಿಲ್ಲುಗಾರ. ಸೆರೆ ಸಿಕ್ಕ ಹೆಣ್ಣಿನ ಮಗನೆಂದು ದೊರೆಗಳು ಅವನನ್ನು ಹಂಗಿಸುತ್ತಾರೆ. ಶ್ರೀಯವರು ಆ ಜಾಗಕ್ಕೆ ಏಕಲವ್ಯನನ್ನು ತಂದರು. ಅವನೂ ಬಿಲ್ಲುಗಾರ, ಹುಟ್ಟಿನ ಕಾರಣಕ್ಕೇ ಅವಮಾನ ತಿಂದವನು. ಇಂಥ ಜಾಗದಲ್ಲಿ ರೂಪಾಂತರವು ಅನುವಾದಕ್ಕಿಂತ ಹೆಚ್ಚಿನದನ್ನು ಮಾಡುತ್ತದೆ. ಮನುಷ್ಯನ ಅವಮಾನ ಅಥೆನ್ಸಿನಲ್ಲೂ ಒಂದೇ, ಹಸ್ತಿನಾಪುರದಲ್ಲೂ ಒಂದೇ. ಹಾಗೆ ಬದಲಾಯಿಸಲು ಬಾರದಿರುವುದು ದೇವತೆಗಳನ್ನು. ಚಿರಂಜೀವಿಯ ಸಾವಿನ ತಕರಾರನ್ನು ಸಂಪ್ರದಾಯಸ್ಥರ ಹಟವೆಂದು ತಳ್ಳಿಹಾಕುವವರು ಈ ಅಂಶವನ್ನು ಗಮನಿಸುವುದಿಲ್ಲ. ಒಂದು ಪುರಾಣದ ಸಾವುಬದುಕಿನ ಕಾನೂನು ಇನ್ನೊಂದು ಪುರಾಣದಲ್ಲಿ ನಡೆಯುವುದಿಲ್ಲ.

ಅಂದಹಾಗೆ, ಟ್ರಾಜಿಡಿಗೆ ನಾವು ಮಾಡಿಕೊಂಡ 'ರುದ್ರನಾಟಕ' ಎಂಬ ಹೆಸರಿನಲ್ಲೂ ನಮ್ಮ ದೇವರೊಬ್ಬ ಬಂದು ಕೂತಿದ್ದಾನೆ. ಗ್ರೀಸಿನಲ್ಲಿ ಈ ನಾಟಕಗಳು ನಡೆಯುತ್ತಿದ್ದುದು ದಯೋನಿಸಸ್ ಎಂಬ ಮದ್ಯದ ದೇವತೆಯ ಜಾತ್ರೆಯಲ್ಲಿ.

ಪರರ ದೇವತೆಗೆ ತಮ್ಮ ಹೆಸರಿಡುವ ಈ ಚಾಳಿ ನಮ್ಮದು ಮಾತ್ರವಲ್ಲ. ಶ್ರೀಯವರೇ 1935ರಲ್ಲಿ ಕನ್ನಡಕ್ಕೆ ತಂದ ಈಸ್ಕಿಲಸ್‌ನ 'ಪಾರಸಿಕರು' ನಾಟಕವನ್ನು ನೋಡಿ. ಅಲ್ಲಿ ರೂಪಾಂತರವಿಲ್ಲ, ಪಾರಸಿಕರು ಪಾರಸಿಕರೇ. ಆದರೆ ಮೂಲದಲ್ಲಿ ಈಸ್ಕಿಲಸ್ ಏನು ಮಾಡಿದ್ದಾನೆ? ಕ್ರಿ.ಪೂ. 480ರ ಸಲಾಮಿಸ್ ಕದನದಲ್ಲಿ ಸೋತ ಪರ್ಷಿಯನ್ನರ ಗೋಳನ್ನು, ಗೆದ್ದ ಗ್ರೀಕರ ಮುಂದೆ, ಕ್ರಿ.ಪೂ. 472ರಲ್ಲಿ ಆಡಿಸಿದ. ಶತ್ರುವಿನ ತಾಯಿಯ ದುಃಖವನ್ನು ಗೆದ್ದವರಿಗೆ ತೋರಿಸಿದ್ದು ದೊಡ್ಡ ಕೆಲಸವೇ ಸರಿ. ಆದರೂ ಆ ಪರ್ಷಿಯನ್ನರು ಕಷ್ಟ ಬಂದಾಗ ಕೂಗುವುದು ಗ್ರೀಕರ ಜ್ಯೂಸ್‌ನನ್ನು! ಡೇರಿಯಸ್ ದೊರೆ ಬೆಹಿಸ್ತೂನಿನ ಬಂಡೆಯ ಮೇಲೆ ಕೆತ್ತಿಸಿದ ತನ್ನ ಶಾಸನದಲ್ಲಿ ಮತ್ತೆ ಮತ್ತೆ ನೆನೆಯುವ ದೇವರು ಅಹುರಮಜ್ದಾ. ನಾಟಕದಲ್ಲಿ ಅದೇ ಡೇರಿಯಸ್‌ನ ಪ್ರೇತ ಮಾತಾಡುವುದು ಜ್ಯೂಸ್ ಮತ್ತು ಪೊಸೈಡನ್ ಬಗ್ಗೆ. ಪರ್ಷಿಯನ್ನರಿಗೆ ಕಣ್ಣೀರನ್ನು ಬಿಟ್ಟುಕೊಟ್ಟ ಕವಿ ಅವರ ದೇವರನ್ನು ಬಿಟ್ಟುಕೊಡಲಿಲ್ಲ.

ನಮ್ಮ ಕರಾವಳಿಗೂ ಒಮ್ಮೆ ಹೀಗೆಯೇ ಆಯಿತು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ ಹಾಳೆಗಳಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಸುಮಾರು ಕ್ರಿ.ಶ. ಎರಡನೆಯ ಶತಮಾನದ ಪ್ರತಿ. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು ಅದನ್ನು 1903ರಲ್ಲಿ ಪ್ರಕಟಿಸಿದರು. ಕಾರಿಷನ್ ಎಂಬ ಗ್ರೀಕ್ ಹುಡುಗಿ ಹಿಂದೂ ಮಹಾಸಾಗರದ ತೀರದ ಒಂದು ಗುಡಿಯಲ್ಲಿ ಸಿಕ್ಕಿಬಿದ್ದಿದ್ದಾಳೆ. ಅವಳ ಅಣ್ಣ ಮತ್ತು ಒಬ್ಬ ವಿದೂಷಕ ಬಂದು, ಅಲ್ಲಿಯ ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯ ಕುಡಿಸಿ, ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಆ ರಾಜ, ಪರಿವಾರದವರು ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡವಿರಬಹುದು ಎಂದು 1904ರಲ್ಲಿ ಹುಲ್ಷ್ ಹೇಳಿದರು. 'ಕೊಂಚ', 'ಮಧು', 'ಪಾತ್ರ' ಎಂಬಂಥ ಪದಗಳನ್ನು ಅದರಲ್ಲಿ ಓದಿದರು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಈ ಚರ್ಚೆಗೆ ಕೈಹಾಕಿದರು. ತುಳು ಎಂದವರಿದ್ದಾರೆ, ಬರೀ ತೊದಲು ಎಂದು ಅಲ್ಲಗಳೆದವರೂ ಇದ್ದಾರೆ. ನಮ್ಮಲ್ಲಿ ಈ ಪ್ರಹಸನದ ಮಾತೆತ್ತಿದವರೆಲ್ಲ ಕನ್ನಡದ ಪ್ರಾಚೀನತೆಗೆ ಸಾಕ್ಷಿ ಸಿಕ್ಕಿತೆಂದು ಹಿಗ್ಗುವಲ್ಲಿಗೇ ನಿಲ್ಲುತ್ತಾರೆ. ಆ ಗುಡಿಯ ದೇವತೆ ಯಾರು ಎಂದು ಕೇಳಿದವರು ಕಡಿಮೆ.

ಪ್ರಹಸನದಲ್ಲಿ ಅವಳ ಹೆಸರು ಸೆಲೀನೆ. ಗ್ರೀಕರ ಚಂದ್ರದೇವತೆ. ಕುಡಿಯುವಾಗ, ಹರಟುವಾಗ ತನ್ನ ಭಾಷೆಯಲ್ಲೇ ಮಾತಾಡುವ ರಾಜ, ಅಮಲೇರಿ ಕುಣಿಯುತ್ತ ದೇವತೆಯನ್ನು ಕರೆಯುವಾಗ ಮಾತ್ರ ಶುದ್ಧ ಗ್ರೀಕಿನಲ್ಲಿ ಸೆಲೀನೆಯನ್ನು ಕೂಗುತ್ತಾನೆ. ತನ್ನ ಕುಣಿತವನ್ನು ತಾನೇ ಅನಾಗರಿಕರ ಕುಣಿತ ಎಂದು ಬಣ್ಣಿಸುತ್ತಾನೆ! ನೋಡಿ, ಹರಟೆ ನಮ್ಮದು, ಪ್ರಾರ್ಥನೆ ಅವರದು. ಇನ್ನೊಂದು ಸ್ವಾರಸ್ಯವಿದೆ. ಈ ಪ್ರಹಸನಕ್ಕೆ ಮಾದರಿಯಾದ ಯೂರಿಪಿಡೀಸನ ಇಫಿಜೀನಿಯಾ ನಾಟಕದಲ್ಲಿ ಪಾರಾಗಿ ಹೋಗುವವರು ಗುಡಿಯ ವಿಗ್ರಹವನ್ನೇ ಹೊತ್ತೊಯ್ಯುತ್ತಾರೆ. ಇಲ್ಲಿ ವಿದೂಷಕ ದೇವತೆಯ ಕಾಣಿಕೆಗಳನ್ನು ದೋಚೋಣ ಎಂದಾಗ ಕಾರಿಷನ್ ಬೇಡವೆನ್ನುತ್ತಾಳೆ. ರಕ್ಷಣೆ ಬೇಡುವವರು ದೇವರ ಮನೆಯಲ್ಲಿ ಕಳವು ಮಾಡಬಾರದು ಎಂಬುದು ಅವಳ ವಾದ. ಒಳ್ಳೆಯ ಹುಡುಗಿ. ಗುಡಿಯಿಂದ ಒಂದು ಕಾಸೂ ಹೋಗಲಿಲ್ಲ, ದೇವತೆಯ ಹೆಸರು ಹೋಯಿತು.

ಜೂಲಿಯಸ್ ಸೀಸರ್ ಗಾಲ್ ದೇಶದ ಕೆಲ್ಟ್ ಜನರ ದೇವರುಗಳನ್ನು ಪಟ್ಟಿ ಮಾಡಿದ್ದೂ ಹೀಗೆಯೇ. ಮರ್ಕ್ಯುರಿ, ಅಪೊಲೊ, ಮಾರ್ಸ್, ಜ್ಯುಪಿಟರ್, ಮಿನರ್ವ ಎಂದು ಐದೂ ರೋಮನ್ ಹೆಸರುಗಳನ್ನೇ ಬರೆದ. ಆದರೆ ಇಂಗ್ಲೆಂಡಿನ ಬಾತ್ ಪಟ್ಟಣದ ಬಿಸಿನೀರಿನ ಬುಗ್ಗೆಯಲ್ಲಿ ಬೇರೆ ರೀತಿ ನಡೆಯಿತು. ಅಲ್ಲಿಯ ಕೆಲ್ಟಿಕ್ ದೇವತೆ ಸುಲಿಸ್. ರೋಮನ್ನರು ಬಂದ ಮೇಲೆ ಅವಳು ಸುಲಿಸ್ ಮಿನರ್ವ ಆದಳು. ಹಳೆಯ ಹೆಸರನ್ನು ಅಳಿಸದೆ ಪಕ್ಕದಲ್ಲಿ ಇನ್ನೊಂದನ್ನು ಇಟ್ಟರು. ಸ್ನಾನಕ್ಕೆ ಬಂದವರು ಬಟ್ಟೆ ಕಳುವಾದರೆ ಸೀಸದ ತಗಡಿನ ಮೇಲೆ ಅವಳಿಗೆ ದೂರು ಬರೆದು ನೀರಿಗೆ ಎಸೆಯುತ್ತಿದ್ದರು. ಅಂಥ ಸುಮಾರು 130 ತಗಡುಗಳು ಸಿಕ್ಕಿವೆ. ಕಳುವಾದ ಚೊಂಬಿನ ದೂರನ್ನು ಚೌಡಮ್ಮನ ಮುಂದೆ ಹೇಳಿಕೊಳ್ಳುವ ನಮ್ಮ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡು ಹೆಸರು ಇಟ್ಟುಕೊಳ್ಳುವುದೂ ನಮಗೆ ಹೊಸದಲ್ಲ. ತಿಂಥಿಣಿಯ ಮೌನೇಶ್ವರರು ಮುಸ್ಲಿಮರ ಬಾಯಲ್ಲಿ ಮೌನುದ್ದೀನ್. ಅದು ಅದಲುಬದಲಲ್ಲ, ಕೂಡಿಕೆ. ಒಂದು ಹೆಸರನ್ನು ಒರೆಸಿಯೇ ಇನ್ನೊಂದನ್ನು ಬರೆಯಬೇಕೆಂದು ಯಾರಾದರೂ ಹೊರಟಾಗಲೇ ಪೊಲೀಸರು, ಕೋರ್ಟು, ಕಚೇರಿ ಬರುವುದು.

ಕತ್ತಲಗೆರೆಯಂಥ ಊರಿನಲ್ಲಿ ಕೂತು ಇಂಥದ್ದನ್ನು ಓದುವವರಿಗೆ ಎರಡೂ ಕಡೆಯಿಂದ ಮಾತು ಬರುತ್ತದೆ. "ಸಾಹೇಬ್ರೆ, ನಮ್ಮೋವೇ ಮೂವತ್ಮೂರು ಕೋಟಿ ದೇವ್ರು ಅವೆ, ಗ್ರೀಕ್ ದೇವ್ರು ಬೇರೆ ಯಾಕೆ?" ಎಂದು ತೋಟದ ಗೆಳೆಯರು. "ಭಾಯ್, ಈ ಬುತ್‌ಗಳ ಕಿಸ್ಸೆ ನಿಮಗೆ ಯಾಕೆ?" ಎಂದು ನಮ್ಮವರು. ಮೊದಲನೆಯದು ತಮಾಷೆ, ಎರಡನೆಯದರಲ್ಲಿ ನಿಜವಾದ ಅಳುಕಿದೆ. ಆ ಅಳುಕಿಗೆ ಹಳೆಯ ಇತಿಹಾಸವೂ ಇದೆ.

ಬಗ್ದಾದಿನ ಅನುವಾದಕರು ಗ್ರೀಕರ ವೈದ್ಯ, ಗಣಿತ, ತತ್ವಶಾಸ್ತ್ರಗಳನ್ನು ಬಾಚಿಕೊಂಡರು. ಹೋಮರನನ್ನೂ ನಾಟಕಕಾರರನ್ನೂ ಬಿಟ್ಟರು. ದೇವತೆಗಳ ಕಥೆ ಬೇಡವಾಗಿತ್ತು. ಅದಕ್ಕೆ ತೆತ್ತ ಬೆಲೆ ಏನು? ಅರಿಸ್ಟಾಟಲನ ಕಾವ್ಯಮೀಮಾಂಸೆಯನ್ನು ಅರಬ್ಬಿಗೆ ತಂದ ಅಬೂ ಬಿಶ್ರ್ ಮತ್ತಾ (ನಿಧನ 940) ಟ್ರಾಜಿಡಿಯನ್ನು 'ಮದೀಹ್', ಅಂದರೆ ಹೊಗಳಿಕೆ ಎಂದೂ ಕಾಮಿಡಿಯನ್ನು 'ಹಿಜಾ', ಅಂದರೆ ತೆಗಳಿಕೆ ಎಂದೂ ಅನುವಾದಿಸಿದ. ಎರಡು ಶತಮಾನಗಳ ನಂತರ ಇಬ್ನ್ ರುಶ್ದ್‌ನಂಥ ಮಹಾ ಮೇಧಾವಿಯೂ ಅದೇ ದಾರಿಯಲ್ಲಿ ನಡೆದ. ಅರ್ಜೆಂಟೀನಾದ ಬೋರ್ಹೆಸ್ ಇದನ್ನೇ ಇಟ್ಟುಕೊಂಡು ಒಂದು ಕಥೆ ಬರೆದಿದ್ದಾನೆ. ಅಥೀನೆಯನ್ನು ಬಿಟ್ಟರೆ ಅಜಾಕ್ಸನೂ ಹೋಗುತ್ತಾನೆ, ಒಡಿಸಿಯಸ್‌ನ ಕನಿಕರವೂ ಹೋಗುತ್ತದೆ, ಉಳಿಯುವುದು ಹೊಗಳಿಕೆ ಮಾತ್ರ. ಇಲಿಯಡ್ ಇಡಿಯಾಗಿ ಅರಬ್ಬಿ ಪದ್ಯಕ್ಕೆ ಬಂದದ್ದು 1904ರಲ್ಲಿ, ಸುಲೈಮಾನ್ ಅಲ್ ಬುಸ್ತಾನಿಯವರಿಂದ. ಅದರಿಂದ ಯಾರ ಈಮಾನಿಗೂ ಧಕ್ಕೆ ಬಂದ ವರದಿಯಿಲ್ಲ. ಪುರಾಣಕಥೆಗಳಿಗೆ ಉರ್ದುವಿನಲ್ಲಿ ಬಳಕೆಯಲ್ಲಿರುವ ಪದವೇ 'ದೇವಮಾಲಾ'. ಉರ್ದು ಓದಿ ಕನ್ನಡಕ್ಕೆ ಬಂದ ನಮ್ಮಂಥವರು ಪಂಪ, ಕುಮಾರವ್ಯಾಸರನ್ನು ಓದಿದ್ದೂ ಹಾಗೆಯೇ. ನಂಬದೆಯೂ ಗೌರವದಿಂದ, ಕಥೆಯೊಳಗಿನ ದೇವರಿಗೆ ಕಥೆಯೊಳಗಿನ ಅಧಿಕಾರವನ್ನು ಪೂರ್ತಿ ಕೊಟ್ಟು ಓದಿದೆವು. ಗ್ರೀಕ್ ನಾಟಕ ಕೇಳುವುದೂ ಅಷ್ಟನ್ನೇ.

ಈ ಬಗೆಯ ಓದಿಗೆ ಕನ್ನಡದಲ್ಲಿ ದಾರಿ ತೆರೆದದ್ದು ಪಿ. ಲಂಕೇಶ್. ಅವರು ಅನುವಾದಿಸಿದ ಸೊಫೋಕ್ಲೀಸನ 'ದೊರೆ ಈಡಿಪಸ್' ನಾಟಕವನ್ನು ಬಿ.ವಿ. ಕಾರಂತರು 1972ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಆಡಿಸಿದರು. ಈಡಿಪಸ್ ಈಡಿಪಸ್ಸೇ, ಥೀಬ್ಸ್ ಥೀಬ್ಸೇ. ಅಪೊಲೊ ಎಂಬ ದೇವರು ರಂಗಕ್ಕೆ ಬರುವುದೇ ಇಲ್ಲ. ಬರುವುದು ಅವನ ಕಣಿ ಮಾತ್ರ. ಆ ಮಾತಿನಿಂದ ತಪ್ಪಿಸಿಕೊಳ್ಳಲು ಈಡಿಪಸ್ ಓಡಿದ ದಾರಿಯೇ ಅವನನ್ನು ಅದರ ಬಾಯಿಗೆ ತಂದು ಹಾಕುತ್ತದೆ.

ಅಪೊಲೊ ಯಾರೆಂದು ಗೊತ್ತಿಲ್ಲದ ಕನ್ನಡಿಗನಿಗೆ ಇದು ಹೇಗೆ ಅರ್ಥವಾಗಬೇಕು ಎಂದು ಕೇಳುವವರು ಒಮ್ಮೆ ಹೂವಿನಹಡಗಲಿ ತಾಲೂಕಿನ ಮೈಲಾರಕ್ಕೆ ಹೋಗಿ ಬರಲಿ. ಚನ್ನಗಿರಿ, ಹೊನ್ನಾಳಿ ಸೀಮೆಯವರಿಗೆ ಅದೇನೂ ದೂರದ ಜಾತ್ರೆಯಲ್ಲ. ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎನ್ನುತ್ತಾನೆ. ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಒಂದು ವಾಕ್ಯದ ಕಾರಣಿಕ ನುಡಿದು ಅವನು ಮೇಲಿಂದ ಬೀಳುತ್ತಾನೆ. ಆಮೇಲೆ ವರ್ಷವಿಡೀ ಆ ವಾಕ್ಯದ ಅರ್ಥಕ್ಕಾಗಿ ವಾದ. ಮಳೆಯೆನ್ನುವವರು ಕೆಲವರು, ಸರ್ಕಾರ ಬೀಳುತ್ತದೆ ಎನ್ನುವವರು ಕೆಲವರು. ಡೆಲ್ಫಿಯಲ್ಲಿ ನಡೆಯುತ್ತಿದ್ದುದೂ ಇದೇ. ಮಾತು ದೇವರದು, ಅರ್ಥದ ಹೊಣೆ ಕೇಳಿದವನದು. ಹೀಗಿರುವಾಗ ಅಪೊಲೊನನ್ನು ಮೈಲಾರಲಿಂಗನನ್ನಾಗಿ ಮಾಡುವ ಅಗತ್ಯವೇನು? ಮಾಡಿದರೆ ಮೈಲಾರಲಿಂಗನಿಗೂ ಅನ್ಯಾಯ. ಅವನ ಒಕ್ಕಲಿನವರು ಅವನಿಂದ ಕಾಪಾಡುವ ಮಾತನ್ನು ಕೇಳುತ್ತಾರೆ. ಅಪೊಲೊ ಈಡಿಪಸ್‌ಗೆ ಅಂಥದ್ದೇನನ್ನೂ ಹೇಳಲಿಲ್ಲ.

ಮುಂದೆ 'ಅಜಾಕ್ಸ್' ನಾಟಕವನ್ನು ಕನ್ನಡದಲ್ಲಿ ಆಡಿಸುವವರು ಶ್ರೀಯವರ ಏಕಲವ್ಯನನ್ನು ಹತ್ತು ಸಲ ಓದಿಕೊಳ್ಳಲಿ. ಅಥೀನೆಯನ್ನು ಮಾತ್ರ ಅಥೀನೆಯಾಗಿಯೇ, ಅವಳ ಶಿರಸ್ತ್ರಾಣ ಈಟಿಗಳೊಂದಿಗೇ ರಂಗಕ್ಕೆ ಕರೆತರಲಿ. ಅವಳು ನಗು ಎಂದಾಗ ಒಡಿಸಿಯಸ್ ನಗದೆ ನಿಂತದ್ದು ಮೈಲಾರಕ್ಕೆ ಹೋಗಿಬಂದ ಪ್ರೇಕ್ಷಕನಿಗೆ ಅಡಿಟಿಪ್ಪಣಿಯಿಲ್ಲದೆ ಕಾಣಿಸುತ್ತದೆ.