ಅವ್ವನ ಬಣ್ಣ

ಅವ್ವ ತೀರಿಕೊಂಡ ಹನ್ನೊಂದನೆಯ ದಿನಕ್ಕೆ ಗೋಡೆಗೆ ಹಾಕಲು ಒಂದು ಫೋಟೋ ಬೇಕಾಯಿತು. ಬದುಕಿದ್ದಾಗ ಕ್ಯಾಮೆರಾ ಕಂಡರೆ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದವಳು ಆಕೆ. ಹುಡುಕಿ ಹುಡುಕಿ ಸಿಕ್ಕಿದ್ದು ಒಂದೇ ಒಂದು. ತಮ್ಮನ ಮನೆಯ ಗೃಹಪ್ರವೇಶದ ದಿನ ಯಾರೋ ಮೊಬೈಲಿನಲ್ಲಿ ತೆಗೆದದ್ದು. ತೆರೆದ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದಾಳೆ. ಬೆನ್ನಿಗೆ ಬಿಸಿಲು, ಮುಖಕ್ಕೆ ನೆರಳು. ತಮ್ಮ ಅದನ್ನೇ ಪೇಟೆಯ ಸ್ಟುಡಿಯೋಕ್ಕೆ ಕೊಟ್ಟು ಬಂದ. ಸಂಜೆ ಚೌಕಟ್ಟಿನೊಳಗೆ ಕುಳಿತು ಮನೆಗೆ ಬಂದ ಅವ್ವನದು ಗೋಧಿ ಬಣ್ಣ, ನುಣುಪು ಕೆನ್ನೆ, ಬೆನ್ನ ಹಿಂದೆ ನೀಲಿ ಆಕಾಶ. "ಎಷ್ಟು ಲಕ್ಷಣವಾಗಿ ಬಂದಿದೆ!" ಎಂದರು ನೆಂಟರು. ತಂಗಿ ಮಾತ್ರ ಹತ್ತಿರ ಹೋಗಿ ದಿಟ್ಟಿಸಿ, "ಅಕ್ಕಾ, ಹಣೆಯ ಹಚ್ಚೆ ಎಲ್ಲಿ?" ಎಂದಳು.

ಅವ್ವ ಸಣ್ಣವಳಿದ್ದಾಗ ಕೊರವಂಜಿ ಹಾಕಿದ ಹಚ್ಚೆ ಅದು. ಮೂರು ಚುಕ್ಕಿ, ಒಂದು ಗೆರೆ. ಸ್ಟುಡಿಯೋದ ಹುಡುಗನ ಕಣ್ಣಿಗೆ ಅದು ಕಲೆಯಾಗಿ ಕಂಡಿದೆ, ಅಳಿಸಿದ್ದಾನೆ. ನಮ್ಮ ಭಾಷೆಯಲ್ಲಿ ಕಲೆ ಎಂದರೆ ಕೊಳೆಯ ಗುರುತೂ ಹೌದು, ಕುಶಲ ವಿದ್ಯೆಯೂ ಹೌದು. ಯಾವುದು ಯಾವುದೆಂದು ತಿಳಿಯುವುದೇ ಕಷ್ಟ. ಹುಡುಗನನ್ನು ನಾನು ಬೈಯಲಾರೆ. ಬಂದ ಗಿರಾಕಿಗಳೆಲ್ಲ ಕೇಳುವುದನ್ನೇ ಅವನು ನಮಗೆ ಕೇಳದೆಯೇ ಕೊಟ್ಟಿದ್ದ, ಅಷ್ಟೆ. ಮೂಲ ಚಿತ್ರ ಫೋನಿನಲ್ಲಿ ಹಾಗೆಯೇ ಇತ್ತು. ಈ ವಿದ್ಯೆಯನ್ನು ನಾನೇ ಕಲಿತುಬಿಡುತ್ತೇನೆ ಎಂದು ಹಟ ಹಿಡಿದೆ.

ಮಗ ಮೊದಲು ತೋರಿಸಿದ್ದು ಫೋಟೋಶಾಪ್. ಅಮೆರಿಕದ ಥಾಮಸ್ ನೋಲ್, ಜಾನ್ ನೋಲ್ ಎಂಬ ಅಣ್ಣತಮ್ಮಂದಿರು ರೂಪಿಸಿ, 1990ರಲ್ಲಿ ಮಾರುಕಟ್ಟೆಗೆ ಬಂದ ತಂತ್ರಾಂಶ. ಅದರ ಮುಂದೆ ಕುಳಿತಾಗ ಬೇರೆಯವರ ಅಡುಗೆಮನೆಗೆ ಹೊಕ್ಕಂತಾಯಿತು. ಎಲ್ಲವೂ ಇದೆ, ಉಪ್ಪಿನ ಡಬ್ಬಿ ಎಲ್ಲಿದೆಯೋ ತಿಳಿಯದು. ಹಿಂದೆ ಮನೆಯ ಕಂಪ್ಯೂಟರಿನಲ್ಲಿ ಪಿಕಾಸಾ ಎಂಬುದೊಂದಿತ್ತು. ಗೂಗಲ್ 2004ರಲ್ಲಿ ಕೊಂಡು 2016ರಲ್ಲಿ ನಿಲ್ಲಿಸಿತು. ಅದರಲ್ಲಿ 'ಐ ಆಮ್ ಫೀಲಿಂಗ್ ಲಕ್ಕಿ' ಎಂಬ ಗುಂಡಿ ಇತ್ತು. ಒತ್ತಿದರೆ ಬೆಳಕು, ಬಣ್ಣ ಎಲ್ಲವನ್ನೂ ತಾನೇ ಸರಿಮಾಡುತ್ತಿತ್ತು. ಹೆಸರು ಪ್ರಾಮಾಣಿಕವಾಗಿತ್ತು: ಸರಿ ಬಂದರೆ ನಿಮ್ಮ ಅದೃಷ್ಟ! ಕೊನೆಗೆ ನನ್ನ ಕೈ ಹಿಡಿದದ್ದು ಫೋನಿನಲ್ಲಿ ಓಡುವ ಸ್ನ್ಯಾಪ್‌ಸೀಡ್. ನಿಕ್ ಸಾಫ್ಟ್‌ವೇರ್ ಎಂಬ ಕಂಪನಿ 2011ರಲ್ಲಿ ಐಪ್ಯಾಡಿಗೆಂದು ತಂದದ್ದು; ಮರುವರ್ಷ ಗೂಗಲ್ ಆ ಕಂಪನಿಯನ್ನೇ ಕೊಂಡು, ಆಂಡ್ರಾಯ್ಡ್ ಫೋನುಗಳಿಗೂ ಉಚಿತವಾಗಿ ಕೊಟ್ಟಿತು.

ಒಂದು ಪುಸ್ತಕವನ್ನು ವಿಮರ್ಶಿಸುವಂತೆಯೇ ಒಂದು ಉಪಕರಣವನ್ನೂ ವಿಮರ್ಶಿಸಬಹುದೆಂದು ನನಗೆ ತೋರಿದ್ದು ಆಗ. ಅದು ನಮ್ಮಿಂದ ಏನನ್ನು ಕೇಳುತ್ತದೆ, ಏನನ್ನು ಕೇಳದೆಯೇ ತೀರ್ಮಾನಿಸಿಬಿಡುತ್ತದೆ ಎಂಬುದನ್ನು ನೋಡಿದರಾಯಿತು.

ಮೊದಲು ಗುಣ ಹೇಳುತ್ತೇನೆ. ಅವ್ವನ ಮುಖ ಕಪ್ಪಿಟ್ಟದ್ದು ಏಕೆಂದು ನನಗೆ ಅರ್ಥವಾದದ್ದು ಇದನ್ನು ಕಲಿಯುವಾಗಲೇ. ಕ್ಯಾಮೆರಾಕ್ಕೆ ಅವ್ವ ಯಾರು, ಬಾಗಿಲು ಯಾವುದು ಎಂಬ ಭೇದವಿಲ್ಲ. ಅದು ದೃಶ್ಯದ ಬೆಳಕನ್ನೆಲ್ಲ ಕೂಡಿಸಿ ಸರಾಸರಿ ತೆಗೆಯುತ್ತದೆ. ಹಿಂದೆ ಪ್ರಖರ ಬಿಸಿಲಿದ್ದರೆ ಒಟ್ಟು ಬೆಳಕನ್ನು ತಗ್ಗಿಸುತ್ತದೆ, ಮುಂದೆ ನಿಂತವರು ಕತ್ತಲಾಗುತ್ತಾರೆ. ಚಿತ್ರವೆಂದರೆ ಲಕ್ಷಾಂತರ ಚುಕ್ಕಿಗಳು. ಸಾಮಾನ್ಯ ಚಿತ್ರಗಳಲ್ಲಿ ಪ್ರತಿ ಚುಕ್ಕಿಯ ಕೆಂಪು, ಹಸಿರು, ನೀಲಿಗೆ 0ಯಿಂದ 255ರವರೆಗೆ ಒಂದೊಂದು ಅಂಕ, ನಾವು ಉತ್ತರಪತ್ರಿಕೆಗೆ ಕೊಟ್ಟ ಹಾಗೆ. ಮೂರೂ 255 ಮುಟ್ಟಿದಲ್ಲಿ ಬರೀ ಬಿಳುಪು; ಅಲ್ಲಿ ಏನಿತ್ತೆಂದು ಯಾರೂ ಹಿಂದಕ್ಕೆ ತರಲಾರರು. ಆದರೆ ನೆರಳಿನಲ್ಲಿ ಬಹಳಷ್ಟು ಅಡಗಿರುತ್ತದೆ. 'ಬ್ರೈಟ್‌ನೆಸ್' ಎಳೆದರೆ ಇಡೀ ಚಿತ್ರವೇ ಬೆಳ್ಳಗಾಗುತ್ತದೆ. 'ಶ್ಯಾಡೋಸ್' ಎಂಬುದನ್ನು ಎಳೆದರೆ ಮುಖ್ಯವಾಗಿ ಕತ್ತಲ ಭಾಗ ಮೇಲೇಳುತ್ತದೆ. 'ಸೆಲೆಕ್ಟಿವ್' ಎಂಬುದರಲ್ಲಿ ಮುಖದ ಮೇಲೆ ಒಂದು ಚುಕ್ಕಿ ಇಟ್ಟು, ಅಲ್ಲಿಗಷ್ಟೇ ಬೆಳಕು ಕೊಡಬಹುದು. ಎಲ್ಲಕ್ಕಿಂತ ದೊಡ್ಡ ಗುಣವೆಂದರೆ, ಮಾಡಿದ ಒಂದೊಂದು ಬದಲಾವಣೆಯೂ ಪಟ್ಟಿಯಾಗಿ ಉಳಿಯುತ್ತದೆ. ಬೇಡವಾದದ್ದನ್ನು ತೆಗೆಯಬಹುದು, ತಿದ್ದಬಹುದು. ತಪ್ಪಿದ ಲೆಕ್ಕವನ್ನು ಅಳಿಸದೆ ಪಕ್ಕದಲ್ಲೇ ಸರಿಮಾಡಲು ಹೇಳುವ ಮೇಷ್ಟರ ಹಾಗೆ. ಮೂವತ್ತು ವರ್ಷ ಪಾಠ ಹೇಳಿದವಳಿಗೆ ಈ ಗುಣ ಹಿಡಿಸದಿರುತ್ತದೆಯೇ?

ಕಲಿಯುವ ಸಂಭ್ರಮದಲ್ಲಿ ನಾನೂ ಕೆಡಿಸಿದೆ. ಹೊಸ ಸೊಸೆ ಎಲ್ಲ ಡಬ್ಬಿಗಳಿಂದಲೂ ಚಿಟಿಕೆ ಚಿಟಿಕೆ ಹಾಕಿದಂತೆ ಎಲ್ಲ ಗುಂಡಿಗಳನ್ನೂ ಎಳೆದೆ. 'ಸ್ಟ್ರಕ್ಚರ್' ಹೆಚ್ಚಿಸಿದಾಗ ಅವ್ವನ ಸುಕ್ಕುಗಳು ಬರಗಾಲದ ಹೊಲದಂತೆ ಬಿರಿದವು. 'ಸ್ಯಾಚುರೇಶನ್' ಹೆಚ್ಚಿಸಿದಾಗ ಹಸಿರು ಸೀರೆ ಕಣ್ಣಿಗೆ ಚುಚ್ಚಿತು. ಉಪ್ಪಿಲ್ಲದ ಸಾರನ್ನು ಸರಿಮಾಡಬಹುದು, ಉಪ್ಪು ಹೆಚ್ಚಾದದ್ದನ್ನು ಬಡಿಸುವುದು ಹೇಗೆ? ಇನ್ನೊಂದು ಪಾಠವೂ ಆಯಿತು. ಮೊದಲ ಸಲ ನಾನು ತಿದ್ದಿದ್ದು ವಾಟ್ಸಾಪಿನಲ್ಲಿ ಬಂದ ಪ್ರತಿಯನ್ನು; ದಾರಿಯಲ್ಲಿ ಕುಗ್ಗಿಹೋಗಿದ್ದ ಚಿತ್ರ ಅದು. ಅಚ್ಚಿಗೆ ಒಂದು ಅಂಗುಲಕ್ಕೆ 300 ಚುಕ್ಕಿ ಇದ್ದರೆ ಚೆನ್ನ ಎನ್ನುತ್ತಾರೆ. ಆ ಲೆಕ್ಕಕ್ಕೆ 8 ಅಂಗುಲ ಅಗಲ, 10 ಅಂಗುಲ ಎತ್ತರದ ಫೋಟೋಕ್ಕೆ 2400ಕ್ಕೆ 3000 ಚುಕ್ಕಿ, ಅಂದರೆ 72 ಲಕ್ಷ ಬೇಕು. ತಮ್ಮನ ಫೋನಿನಿಂದ ಮೂಲ ಚಿತ್ರವನ್ನೇ ಡಾಕ್ಯುಮೆಂಟ್ ರೂಪದಲ್ಲಿ ತರಿಸಿಕೊಂಡೆ.

ಇನ್ನು ದೋಷ. ಇದು ಯಾವುದೋ ಒಂದು ತಂತ್ರಾಂಶದ್ದಲ್ಲ, 'ಸುಲಭ' ಎಂಬ ಮಾತಿನದೇ ದೋಷ. ಹೊಸಬರಿಗೆಂದು ಮಾಡಿದ ಇಂಥ ಸಾಧನಗಳಲ್ಲೆಲ್ಲ ಒಂದೇ ಒತ್ತಿಗೆ ಮುಖವನ್ನು 'ಸುಂದರ'ಗೊಳಿಸುವ ಏರ್ಪಾಡು ಸಾಮಾನ್ಯ. ಒತ್ತಿ ನೋಡಿ. ಚರ್ಮ ನುಣುಪಾಗುತ್ತದೆ, ಮುಖ ಬೆಳಗುತ್ತದೆ, ಕೆಲವದರಲ್ಲಿ ಗಲ್ಲ ಕಿರಿದಾಗುತ್ತದೆ. ಸುಂದರವೆಂದರೆ ಇಷ್ಟೇ ಎಂದು ಯಾರೋ ಎಲ್ಲಿಯೋ ಕುಳಿತು ಮೊದಲೇ ತೀರ್ಮಾನಿಸಿದ್ದಾರೆ. ನಾವು ಬೆರಳು ಒತ್ತಿದ್ದೇವೆ, ಆಯ್ಕೆ ಮಾಡಿಲ್ಲ.

ಹಾಗೆಂದು ಕಂಪ್ಯೂಟರನ್ನು ದೂರಿ ನಾವು ಪಾರಾಗುವಂತಿಲ್ಲ. 1982ರ ಫೆಬ್ರವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ತನ್ನ ಮುಖಪುಟಕ್ಕೆ ಹೊಂದಲೆಂದು ಈಜಿಪ್ಟಿನ ಪಿರಮಿಡ್ಡುಗಳನ್ನೇ ಹತ್ತಿರ ಸರಿಸಿತ್ತು. ಆಗ ಫೋಟೋಶಾಪ್ ಹುಟ್ಟಿಯೇ ಇರಲಿಲ್ಲ. 1994ರ ಜೂನಿನಲ್ಲಿ ಕೊಲೆಯ ಆರೋಪ ಹೊತ್ತ ಓ. ಜೆ. ಸಿಂಪ್ಸನ್ನನ ಪೊಲೀಸ್ ಫೋಟೋವನ್ನು ಟೈಮ್ ಪತ್ರಿಕೆ ಇನ್ನಷ್ಟು ಕಪ್ಪು ಮಾಡಿ ಮುಖಪುಟದಲ್ಲಿ ಹಾಕಿತು. ಅದೇ ವಾರ ನ್ಯೂಸ್‌ವೀಕ್ ಅದೇ ಫೋಟೋವನ್ನು ಹಾಗೆ ಕಪ್ಪಾಗಿಸದೆ ಹಾಕಿದ್ದರಿಂದ ವ್ಯತ್ಯಾಸ ಎಲ್ಲರಿಗೂ ಕಂಡುಹೋಯಿತು, ದೊಡ್ಡ ಗದ್ದಲವಾಯಿತು. ಅಲ್ಲಿ ತಪ್ಪಿತಸ್ಥನಂತೆ ಕಾಣಿಸಲು ಕಪ್ಪು ಬಳಿದರು ಎಂದು ಜನ ಸಿಟ್ಟಾದರು. ಇಲ್ಲಿ ಗೌರವ ತೋರಿಸಲು ನಾವು ಬಿಳುಪು ಬಳಿಯುತ್ತೇವೆ, ಯಾರೂ ಸಿಟ್ಟಾಗುವುದಿಲ್ಲ. ಎರಡರ ಹಿಂದೆಯೂ ಇರುವುದು ಒಂದೇ ನಂಬಿಕೆ. 1975ರಲ್ಲಿ ಬಂದ ಒಂದು ಮುಖದ ಕ್ರೀಮು ತನ್ನ ಹೆಸರಿನಿಂದ 'ಫೇರ್' ಎಂಬ ಮಾತನ್ನು ತೆಗೆಯಲು 2020ರವರೆಗೆ ಕಾಯಬೇಕಾಯಿತು. ಹೆಸರು ಹೋಯಿತು, ಆಸೆ ಫೋನಿನೊಳಗೆ ಬಂದು ಕುಳಿತಿತು.

ನನ್ನದೇ ಕಥೆ ಹೇಳಬೇಕು. ನನ್ನನ್ನು ಗಂಡಿನ ಕಡೆಗೆ ತೋರಿಸಲೆಂದು ಸ್ಟುಡಿಯೋದಲ್ಲಿ ಫೋಟೋ ತೆಗೆಸಿದ್ದರು. ಮುಖಕ್ಕೆ ಪೌಡರು, ಎದುರಿಗೆ ದೊಡ್ಡ ದೀಪ, ಆಮೇಲೆ ನೆಗೆಟಿವಿನ ಮೇಲೆ ಸಣ್ಣ ಪೆನ್ಸಿಲಿನ ಕೆಲಸ. ಫೋಟೋ ಒಪ್ಪಿ ಬಂದವರು ಉಪ್ಪಿಟ್ಟು ತಿಂದು, ನನ್ನನ್ನು ಒಮ್ಮೆ, ಫೋಟೋವನ್ನು ಒಮ್ಮೆ ನೋಡಿದರು. ಹುಡುಗನ ಸೋದರತ್ತೆ ನಗುತ್ತಲೇ, "ಫೋಟೋದ ಹುಡುಗಿ ಒಳಗಿದ್ದಾಳಾ?" ಎಂದರು. ಅವರು ಹೋದ ಮೇಲೆ ಅವ್ವ ಆ ಫೋಟೋವನ್ನು ಪೆಟ್ಟಿಗೆಯ ತಳಕ್ಕೆ ಹಾಕಿ, "ನನ್ನ ಬಣ್ಣ ಬಂದಿದೆ ನಿನಗೆ, ನಾನೇನು ಮಾಡಲಿ" ಎಂದಳು. ಅದು ಕ್ಷಮೆ ಕೇಳಿದ ಹಾಗಿತ್ತು. ಅವಳು ಹಾಗೆ ಕೇಳಬಾರದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಇಂದು ನನ್ನ ಎಂಟನೆಯ ತರಗತಿಯ ಹುಡುಗಿಯರು ವಾರ್ಷಿಕೋತ್ಸವದ ಗುಂಪು ಫೋಟೋದಲ್ಲಿ ತಮ್ಮ ತಮ್ಮ ಮುಖಗಳನ್ನು ಬೆಳ್ಳಗೆ ಮಾಡಿಕೊಂಡು ತೋರಿಸುತ್ತಾರೆ. ಅವರಿಗೆ ಸ್ಟುಡಿಯೋ ಬೇಡ, ಸೋದರತ್ತೆಯೂ ಬೇಡ. ಎರಡು ಕೆಲಸವನ್ನೂ ತಾವೇ ಮಾಡಿಕೊಳ್ಳುತ್ತಾರೆ.

ಹಾಗಾದರೆ ತಿದ್ದುವುದೇ ತಪ್ಪೇ? ಅಲ್ಲ. ತಿದ್ದದ ಚಿತ್ರವೂ ಸುಳ್ಳೇ ಹೇಳುತ್ತಿತ್ತು. ಅವ್ವ ಅಷ್ಟು ಕತ್ತಲಾಗಿರಲಿಲ್ಲ. ಬೆಳಕಿನ ತಪ್ಪನ್ನು ತಿದ್ದಬಹುದು, ಮನುಷ್ಯರನ್ನು ತಿದ್ದಬಾರದು. ನಾನು ಹಾಕಿಕೊಂಡ ಗೆರೆ ಇಷ್ಟೆ. ಓರೆಯಾದ ಬಾಗಿಲನ್ನು ನೆಟ್ಟಗೆ ಮಾಡಿದೆ. ಅಂಚಿನಲ್ಲಿದ್ದ ಪ್ಲಾಸ್ಟಿಕ್ ಬಕೆಟ್ಟನ್ನು ಕತ್ತರಿಸಿ ಹೊರಗಿಟ್ಟೆ. ಮುಖದ ನೆರಳನ್ನು ಎಷ್ಟು ಎತ್ತಬೇಕೆಂದು ಮಾತ್ರ ತಿಳಿಯಲಿಲ್ಲ. ಆಮೇಲೆ ಕಿಟಕಿಯ ಬಳಿ ಕುಳಿತು ನನ್ನ ಮುಂಗೈಯನ್ನು ಪರದೆಯ ಪಕ್ಕದಲ್ಲಿ ಹಿಡಿದೆ. ಅವ್ವನ ಬಣ್ಣ ನನ್ನ ಹತ್ತಿರವೇ ಇತ್ತಲ್ಲ. ಕೆನ್ನೆ ಆ ಬಣ್ಣಕ್ಕೆ ಬಂದಾಗ ನಿಲ್ಲಿಸಿದೆ. ಹಣೆಯ ಮೂರು ಚುಕ್ಕಿ, ಒಂದು ಗೆರೆ ತಾವಾಗಿಯೇ ಮೇಲೆದ್ದು ಬಂದವು.

ಅಚ್ಚು ಹಾಕಿಸಿ ಒಂದನ್ನು ತಂಗಿಗೆ ಕೊಟ್ಟೆ, ಒಂದನ್ನು ನಮ್ಮ ಹಜಾರದಲ್ಲಿ ಹಾಕಿದೆ. ತಮ್ಮನಿಗೂ ಒಂದು ಒಯ್ದೆ. ಅವನು ಬಹಳ ಹೊತ್ತು ನೋಡಿ, "ಅವ್ವ ಹೀಗೇ ಇದ್ದಳು" ಎಂದ. ಆದರೂ ಅವನ ಮನೆಯ ಗೋಡೆಯ ಮೇಲೆ ಇಂದಿಗೂ ಹಾರ ಹಾಕಿಸಿಕೊಂಡಿರುವುದು ಗೋಧಿ ಬಣ್ಣದ ಅವ್ವನೇ. ನಾನು ಒಯ್ದದ್ದು ಬೀರುವಿನಲ್ಲಿದೆಯಂತೆ. ಹಬ್ಬಕ್ಕೆ ಹೋದಾಗ ನಾನು ಆ ಗೋಡೆಯ ಮುಂದೆಯೇ ನಿಂತು ಕೈ ಮುಗಿಯುತ್ತೇನೆ, ಕಣ್ಣು ಮುಚ್ಚಿಕೊಂಡು.